ಅಳಿಸಿದ್ದು ಅಳಿಯಿತೇ?

ಕಳೆದ ವರ್ಷದ ಚಳಿಗಾಲದ ರಜೆಯಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ 42 ಮಂದಿ ವಿದ್ಯಾರ್ಥಿಗಳೊಡನೆ ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳಿಗೆ ಶೈಕ್ಷಣಿಕ ಪ್ರವಾಸ ಹೋಗಿದ್ದೆವು. ಬೆಳಗಿನ ರೈಲಿನಲ್ಲಿ ಮುಂಬಯಿಯನ್ನು ಬಿಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ ನಾಸಿಕದ ಒಂದು ವಸತಿಗೃಹವನ್ನು ಸೇರಿದೆವು. ಅಲ್ಲಿನ ವ್ಯವಸ್ಥಾಪಕರು ಎಲ್ಲ ಮಕ್ಕಳ ಹೆಸರು, ವಯಸ್ಸು, ಮನೆಯ ವಿಳಾಸ, ತಂದೆತಾಯಿಗಳ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಕೇಳಿದರು. ಪಟ್ಟಿಯು ನನ್ನ ಮಿಂಚಂಚೆಯಲ್ಲಿದ್ದಿತು. ಕಚೇರಿಯ ಗಣಕಯಂತ್ರದಲ್ಲಿ ಅದನ್ನು ತೆರೆದು, ಮುದ್ರಿಸಿ ಕೊಟ್ಟೆನು. ಎದ್ದು ಬರುವ ಮುನ್ನ ಬ್ರೌಸರಿನ ಹಿಸ್ಟರಿಯನ್ನು, ಎಂದರೆ ನಾನು ತೆರೆದು ನೋಡಿದ ಪುಟಗಳ ದಾಖಲೆಯನ್ನು, ಅಳಿಸಿಹಾಕಿದೆನು. ಎಚ್ಚರಿಕೆಯುಳ್ಳ ಮನುಷ್ಯನೆಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಆಯಿತು.

ಮರುದಿನ ಬೆಳಿಗ್ಗೆ ನಮ್ಮ ತಂಡದ ಒಬ್ಬ ಹುಡುಗಿ ಬಸ್ಸಿನ ವೇಳಾಪಟ್ಟಿಯನ್ನು ಮುದ್ರಿಸಿಕೊಳ್ಳಲು ಅದೇ ಯಂತ್ರದ ಮುಂದೆ ಕುಳಿತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಓಡಿಬಂದು, "ಸರ್, ನಮ್ಮೆಲ್ಲರ ಹೆಸರೂ ನಮ್ಮ ಅಪ್ಪನ ಫೋನ್ ನಂಬರೂ ಆ ಕಂಪ್ಯೂಟರಿನಲ್ಲಿ ಹಾಗೆಯೇ ಇವೆ" ಎಂದಳು. ಹೋಗಿ ನೋಡಿದರೆ ಮಾತು ನಿಜ. ಪಟ್ಟಿಯ ಪ್ರತಿಯೊಂದು 'ಡೌನ್‌ಲೋಡ್ಸ್' ಎಂಬ ಫೋಲ್ಡರಿನಲ್ಲಿ ಕುಳಿತಿದ್ದಿತು. ನಾನು ಅದನ್ನು ಅಳಿಸಿದೆನು. "ಕಸದ ಬುಟ್ಟಿಯಲ್ಲಿ ಬಿದ್ದಿದೆ, ಸರ್" ಎಂದಳು. ಬುಟ್ಟಿಯನ್ನೂ ಬರಿದುಮಾಡಿದೆನು. ಆಗ ಅವಳು ಕೇಳಿದಳು: "ಈಗ ನಿಜವಾಗಿ ಹೋಯಿತೇ, ಸರ್?"

ನನಗೆ ಉತ್ತರ ತಿಳಿಯಲಿಲ್ಲ. ನನ್ನನ್ನು ನಂಬಿ ಮಕ್ಕಳನ್ನು ಕಳುಹಿಸಿದ್ದ 42 ಮನೆಗಳ ವಿವರವು ನನ್ನ ಅಜಾಗರೂಕತೆಯಿಂದ ಅಪರಿಚಿತರ ಯಂತ್ರವೊಂದರಲ್ಲಿ ಉಳಿದಿದ್ದಿತು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಿದುದರ ಫಲವೇ ಈ ಪಾಠ.

ಹೆಜ್ಜೆಗುರುತುಗಳು ಎಲ್ಲಿರುತ್ತವೆ?

ಅಂತರ್ಜಾಲದಲ್ಲಿ ನಾವು ಒಂದು ಪುಟವನ್ನು ತೆರೆದಾಗ ಗಣಕಯಂತ್ರವು ಅದನ್ನು ತೋರಿಸಿ ಸುಮ್ಮನಾಗುವುದಿಲ್ಲ. ಪುಟದ ವಿಳಾಸವನ್ನೂ ಸಮಯವನ್ನೂ ಹಿಸ್ಟರಿ ಎಂಬ ಕಡತದಲ್ಲಿ ಬರೆದಿಡುತ್ತದೆ. ಮುಂದಿನ ಸಲ ಬೇಗನೆ ತೋರಿಸುವುದಕ್ಕಾಗಿ ಪುಟದ ಚಿತ್ರಗಳನ್ನು ಕ್ಯಾಶ್ ಎಂಬ ಸಂಗ್ರಹದಲ್ಲಿ ಇಟ್ಟುಕೊಳ್ಳುತ್ತದೆ. ಆ ತಾಣವು ನಮ್ಮನ್ನು ಗುರುತಿಸುವುದಕ್ಕೆ ಕೊಡುವ ಚೀಟಿಗೆ ಕುಕಿ ಎಂದು ಹೆಸರು. ಇಳಿಸಿಕೊಂಡ ಕಡತಗಳು ಬೇರೊಂದು ಫೋಲ್ಡರಿನಲ್ಲಿ ಸೇರುತ್ತವೆ. ಹಿಸ್ಟರಿಯನ್ನು ಅಳಿಸಿದ ಮಾತ್ರಕ್ಕೆ ಇಳಿಸಿಕೊಂಡ ಕಡತವು ಹೋಗುವುದಿಲ್ಲ. ನಾನು ಎಡವಿದ್ದು ಇಲ್ಲಿಯೇ.

ಇವುಗಳಲ್ಲಿ ಅನೇಕ ಕಡತಗಳು ಸಾಮಾನ್ಯ ದೃಷ್ಟಿಗೆ ಗೋಚರಿಸವು. ವಿಂಡೋಸ್ ವ್ಯವಸ್ಥೆಯಲ್ಲಿ ಬ್ರೌಸರುಗಳು ತಮ್ಮ ದಾಖಲೆಗಳನ್ನು 'ಆ್ಯಪ್‌ಡೇಟಾ' ಎಂಬ ಮರೆಯ ಫೋಲ್ಡರಿನೊಳಗೆ ಇಡುತ್ತವೆ. ಹಿಂದೆ ಬಹು ಪ್ರಚಾರದಲ್ಲಿದ್ದು 2022ರಲ್ಲಿ ನಿವೃತ್ತಿ ಹೊಂದಿದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರಿಗೆ 'ಇಂಡೆಕ್ಸ್ ಡ್ಯಾಟ್' ಎಂಬ ಗುಪ್ತ ಕಡತವಿದ್ದಿತು. ಯಂತ್ರವು ನಡೆಯುತ್ತಿರುವಾಗ ಈ ಕಡತವು ಸದಾ ಬಳಕೆಯಲ್ಲಿರುತ್ತಿದ್ದುದರಿಂದ ಸಾಮಾನ್ಯ ರೀತಿಯಲ್ಲಿ ಅದನ್ನು ಅಳಿಸಲು ಬರುತ್ತಿರಲಿಲ್ಲ. ಹಿಸ್ಟರಿಯನ್ನು ಅಳಿಸಿದೆವೆಂದು ನಂಬಿದ್ದವರ ಹಳೆಯ ವಿಳಾಸಗಳು ಎಷ್ಟೋ ವೇಳೆ ಅದರಲ್ಲಿ ಉಳಿದಿರುತ್ತಿದ್ದವು.

ಪಟ್ಟಿಯಿಂದ ಹೆಸರು ಹೊಡೆದರೆ ಪುಸ್ತಕ ಸುಟ್ಟಂತಾಗದು

ಇನ್ನು ಕಡತವನ್ನು ಅಳಿಸುವಾಗ ಯಂತ್ರದೊಳಗೆ ನಡೆಯುವುದೇನು? ಒಂದು ಸುಲಭವಾದ ಪರೀಕ್ಷೆಯಿಂದ ಇದನ್ನು ಊಹಿಸಬಹುದು. 2 ಗಿಗಾಬೈಟ್ ಗಾತ್ರದ ಒಂದು ಚಲನಚಿತ್ರವನ್ನು ಪೆನ್‌ಡ್ರೈವಿನಿಂದ ಯಂತ್ರಕ್ಕೆ ಇಳಿಸಿರಿ. ಕೆಲವು ನಿಮಿಷಗಳಾದರೂ ಹಿಡಿಯಬಹುದು. ಅದನ್ನೇ ಅಳಿಸಿರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಬರೆಯಲು ಅಷ್ಟು ಹೊತ್ತು ಬೇಕಾದುದನ್ನು ಒರೆಸಲು ಕ್ಷಣವೇ ಸಾಕಾದುದು ಹೇಗೆ? ಒರೆಸಲೇ ಇಲ್ಲವಾದುದರಿಂದ! ಆ ವೇಗವೇ ಇದಕ್ಕೆ ಸಾಕ್ಷಿ.

ನಮ್ಮ ಶಾಲೆಯ ಗ್ರಂಥಾಲಯವನ್ನು ನೆನೆಯಿರಿ. ಯಾವ ಪುಸ್ತಕವು ಯಾವ ಕಪಾಟಿನಲ್ಲಿದೆಯೆಂಬುದನ್ನು ಹೇಳುವ ಪಟ್ಟಿಯೊಂದು ಅಲ್ಲಿದೆ. ಪಟ್ಟಿಯಿಂದ ಒಂದು ಪುಸ್ತಕದ ಹೆಸರನ್ನು ಹೊಡೆದುಹಾಕಿದರೆ ಪುಸ್ತಕವು ಮಾಯವಾಗುವುದಿಲ್ಲ, ಕಪಾಟಿನಲ್ಲಿಯೇ ಇರುತ್ತದೆ. ಆ ಜಾಗವು ತೆರವಾಗಿದೆಯೆಂದು ತಿಳಿದು ಮತ್ತೊಂದು ಪುಸ್ತಕವನ್ನು ತಂದಿಡುವವರೆಗೆ, ಕಪಾಟಿನ ಬಳಿಗೆ ಹೋದವನಿಗೆ ಅದು ಸಿಕ್ಕೇ ಸಿಗುತ್ತದೆ. ಗಣಕಯಂತ್ರವೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಳ್ಳುತ್ತದೆ. ಅಳಿಸು ಎಂದಾಗ ಪಟ್ಟಿಯಲ್ಲಿ 'ಈ ಜಾಗ ಖಾಲಿ' ಎಂದು ಗುರುತುಹಾಕಿಕೊಳ್ಳುತ್ತದೆ, ಅಕ್ಷರಗಳನ್ನು ಮುಟ್ಟುವುದಿಲ್ಲ. ಕಳೆದುಹೋದ ಕಡತಗಳನ್ನು ಹುಡುಕಿಕೊಡುವ ತಂತ್ರಾಂಶಗಳು ಪಟ್ಟಿಯನ್ನು ಬಿಟ್ಟು ನೇರವಾಗಿ ಕಪಾಟನ್ನೇ ತಡಕುತ್ತವೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಎಂಬಿಬ್ಬರು 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಡಿಸ್ಕುಗಳಲ್ಲಿ ಜನರ ಪತ್ರಗಳು, ವೈದ್ಯಕೀಯ ವಿವರಗಳು, 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ದೊರೆತವು. ಸರಿಯಾಗಿ ಶುದ್ಧಮಾಡಿದ್ದವು ಕೇವಲ 12.

ನಮ್ಮ ಹಿರಿಯರಿಗೆ ಈ ವಿಷಯವು ಹೊಸದಾಗಿರಲಿಲ್ಲ. 'ಕಡತ' ಎಂಬ ಮಾತನ್ನೇ ನೋಡಿರಿ. ಇಂದು ನಾವು ಫೈಲು ಎಂಬರ್ಥದಲ್ಲಿ ಅದನ್ನು ಬಳಸುತ್ತೇವೆ. ಕನ್ನಡ ನಾಡಿನ ಶಾನುಭೋಗರೂ ವರ್ತಕರೂ ಮಠಗಳ ಲೆಕ್ಕಿಗರೂ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಬಹಳ ಉಪಕಾರಿಯಾಗಿವೆ. ಸ್ಲೇಟನ್ನು ಒಣಗೈಯಿಂದ ಒರೆಸಿದರೆ ಹಳೆಯ ಅಕ್ಷರದ ನೆರಳು ಉಳಿಯುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ ಎಂಬುದನ್ನು ಒಂದನೆಯ ತರಗತಿಯ ಮಗುವೂ ಬಲ್ಲದು. ಗಣಕಯಂತ್ರದ ಡಿಲೀಟ್ ಕೀಲಿಯಾದರೋ ಒಣಗೈಯನ್ನೂ ಆಡಿಸುವುದಿಲ್ಲ.

ನಹಪಾನನ ಮೂಗು

ಆ ದಿನವೇ ನಾವು ನಾಸಿಕದ ಹೊರವಲಯದ ಪಾಂಡವಲೇಣಿಗೆ ಹೋದೆವು. ಬೆಟ್ಟದಲ್ಲಿ ಕೊರೆದ 24 ಗುಹೆಗಳು ಅಲ್ಲಿವೆ. 10ನೆಯ ಗುಹೆಯಲ್ಲಿ ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತನ ಶಾಸನಗಳಿವೆ. 3ನೆಯ ಗುಹೆಯಲ್ಲಿ ರಾಣಿ ಗೌತಮೀ ಬಲಶ್ರೀಯ ಶಾಸನವಿದೆ. ತನ್ನ ಮಗ ಗೌತಮೀಪುತ್ರ ಶಾತಕರ್ಣಿಯು ನಹಪಾನನ ವಂಶವನ್ನು ನಿರ್ಮೂಲ ಮಾಡಿದನೆಂದು ಅವಳು ಅದರಲ್ಲಿ ಹೇಳಿಸಿದ್ದಾಳೆ. ಗೆದ್ದವರ ಮತ್ತು ಸೋತವರ ಬರಹಗಳೆರಡೂ ಒಂದೇ ಬೆಟ್ಟದಲ್ಲಿ ಉಳಿದಿವೆ.

ಗುಹೆಯ ಮುಂದೆ ಕುಳಿತಿದ್ದಾಗ ನಮ್ಮ ಇತಿಹಾಸದ ಅಧ್ಯಾಪಕರು ಇನ್ನೊಂದು ಸಂಗತಿಯನ್ನು ಹೇಳಿದರು. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿ ಎಂಬ ಹಳ್ಳಿಯಲ್ಲಿ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿಯ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಅವುಗಳಲ್ಲಿ 9,000ಕ್ಕೂ ಮಿಕ್ಕ ನಾಣ್ಯಗಳ ಮೇಲೆ ಶಾತಕರ್ಣಿಯು ತನ್ನ ಅಚ್ಚನ್ನು ಒತ್ತಿಸಿದ್ದನು. ಸೋತ ಅರಸನ ಮುಖವನ್ನು ಅಳಿಸಿ ತನ್ನ ಹೆಸರನ್ನೂ ಬೆಟ್ಟದ ಗುರುತನ್ನೂ ಮೂಡಿಸುವುದು ಉದ್ದೇಶ. ಆದರೆ ಅಚ್ಚು ಬಲವಾಗಿ ಬೀಳದ ಕಡೆಗಳಲ್ಲಿ ನಹಪಾನನ ಮೂಗೋ ಗ್ರೀಕ್ ಅಕ್ಷರವೋ ಇಣುಕುತ್ತಿರುತ್ತದೆ. ಈ ಅರೆಬರೆ ಅಳಿಸುವಿಕೆಯಿಂದಲೇ ಯಾರು ಯಾರನ್ನು ಗೆದ್ದರೆಂಬುದು ಇತಿಹಾಸಕಾರರಿಗೆ ಖಚಿತವಾಯಿತು.

ನಾನು ನನ್ನ ಪಟ್ಟಿಯನ್ನು ನೆನೆದೆನು. ಹಳೆಯದರ ಮೇಲೆ ಹೊಸದನ್ನು ಬರೆಯುವುದೇ ಅಳಿಸುವ ನಿಜವಾದ ಮಾರ್ಗ. ಆದರೆ ಮೂಲೆಮೂಲೆಯನ್ನೂ ಮುಚ್ಚುವಂತೆ ಬರೆಯಬೇಕು. ಸಂಜೆ ನಮ್ಮ ಶಾಲೆಯ ಗಣಕಯಂತ್ರದ ಅಧ್ಯಾಪಕರಿಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿಕೊಂಡೆನು. ಅವರು ವಿಂಡೋಸಿನಲ್ಲಿಯೇ ಇರುವ 'ಸೈಫರ್' ಎಂಬ ಆದೇಶವನ್ನು ತಿಳಿಸಿದರು. ಅದು ಡಿಸ್ಕಿನ ಖಾಲಿ ಜಾಗದ ಮೇಲೆ ಮೂರು ಸಲ ಬರೆಯುತ್ತದೆ: ಮೊದಲು ಬರಿಯ ಸೊನ್ನೆಗಳು, ಬಳಿಕ ಬರಿಯ ಒಂದುಗಳು, ಕೊನೆಗೆ ಗೊತ್ತುಗುರಿಯಿಲ್ಲದ ಅಂಕಿಗಳು. ಇರುವ ಕಡತಗಳಿಗೆ ತೊಂದರೆಯಿಲ್ಲ. 1996ರಲ್ಲಿ ಪೀಟರ್ ಗಟ್‌ಮನ್ ಎಂಬ ವಿದ್ವಾಂಸರು ಅಂದಿನ ನಾನಾ ಬಗೆಯ ಡಿಸ್ಕುಗಳನ್ನು ಲೆಕ್ಕಕ್ಕೆ ಹಿಡಿದು 35 ಸಲ ಬರೆಯುವ ಕ್ರಮವನ್ನು ಸೂಚಿಸಿದ್ದರು. ಇಂದಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿಯಾಗಿ ಬರೆದರೂ ಸಾಕೆಂಬುದು ಈಗ ತಜ್ಞರು ಒಪ್ಪಿದ ಮಾತು.

ವಸತಿಗೃಹದ ಮಾಲೀಕರಿಗೆ ವಿಷಯವನ್ನು ವಿವರಿಸಿದೆನು. ಅವರು ಸಜ್ಜನರು. "ನನ್ನ ಮಕ್ಕಳ ಹೆಸರಾಗಿದ್ದರೆ ನಾನೂ ಹೀಗೆಯೇ ಚಡಪಡಿಸುತ್ತಿದ್ದೆ, ಗುರೂಜಿ" ಎಂದು ಒಪ್ಪಿಗೆ ಕೊಟ್ಟರು. ಅದು ಹಳೆಯ ಹಾರ್ಡ್ ಡಿಸ್ಕಿನ ಯಂತ್ರ. ಖಾಲಿ ಜಾಗ 360 ಗಿಗಾಬೈಟ್. ಲೆಕ್ಕ ಹಾಕಿರಿ: ಸೆಕೆಂಡಿಗೆ 100 ಮೆಗಾಬೈಟಿನಂತೆ ಬರೆದರೆ ಒಂದು ಸಲಕ್ಕೆ 3,600 ಸೆಕೆಂಡು, ಎಂದರೆ ಒಂದು ಗಂಟೆ, ಮೂರು ಸಲಕ್ಕೆ ಮೂರು ಗಂಟೆ. ಯಂತ್ರವು ಮುದಿಯಾಗಿದ್ದುದರಿಂದ ಬೆಳಗಿನ ಜಾವದವರೆಗೂ ನಡೆಯಿತು. ನಾನು ಹತ್ತಿರದಲ್ಲಿಯೇ ಕುರ್ಚಿಯಲ್ಲಿ ಕುಳಿತಿದ್ದೆನು. ಅಳಿಸುವುದಕ್ಕೆ ಬರೆಯುವಷ್ಟೇ ಶ್ರಮ ಬೇಕೆಂಬುದು ಆ ರಾತ್ರಿ ನನಗೆ ಮನದಟ್ಟಾಯಿತು.

ಎಲ್ಲೋರದ ಎರಡು ಪದರಗಳು

ಮೂರನೆಯ ದಿನ ಛತ್ರಪತಿ ಸಂಭಾಜಿನಗರಕ್ಕೆ ಬಂದು, ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರವನ್ನು ನೋಡಿದೆವು. 16ನೆಯ ಗುಹೆಯಾದ ಕೈಲಾಸ ದೇವಾಲಯವು ನಮ್ಮ ರಾಷ್ಟ್ರಕೂಟ ಅರಸ ಒಂದನೆಯ ಕೃಷ್ಣನ ಕಾಲದ್ದು. ಎಂಟನೆಯ ಶತಮಾನದಲ್ಲಿ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಅದನ್ನು ರೂಪಿಸಿದರು. ಅಲ್ಲಿ ಮಂಟಪದ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ಮೇಲೆ ಮುಂದಿನ ಕಾಲದವರು ಹೊಸ ಪದರವನ್ನು ಬಳಿದು ಬೇರೆ ಚಿತ್ರಗಳನ್ನು ಬರೆದಿದ್ದಾರೆ. ಮೇಲಿನ ಪದರವು ಉದುರಿದ ಕಡೆ ಕೆಳಗಿನ ಚಿತ್ರವು ಕಾಣುತ್ತದೆ.

ಇಂದಿನ ಹೆಚ್ಚಿನ ಯಂತ್ರಗಳಲ್ಲಿರುವ ಎಸ್‌ಎಸ್‌ಡಿ ಎಂಬ ಸಂಗ್ರಹದ ಸ್ಥಿತಿಯನ್ನು ತಿಳಿಯಲು ಈ ಚಿತ್ರವು ಸಹಾಯಕ. ಅದರಲ್ಲಿ ತಿರುಗುವ ತಟ್ಟೆಯಿಲ್ಲ. ಸೂಕ್ಷ್ಮವಾದ ವಿದ್ಯುತ್ ಕೋಶಗಳಿವೆ. ಒಂದೇ ಕೋಶಕ್ಕೆ ಮತ್ತೆಮತ್ತೆ ಬರೆದರೆ ಅದು ಸವೆಯುತ್ತದೆಯಾದ ಕಾರಣ ಯಂತ್ರವು ಪ್ರತಿಸಲವೂ ಹೊಸ ಜಾಗವನ್ನು ಹುಡುಕಿ ಬರೆಯುತ್ತದೆ. ಹಳೆಯದರ ಮೇಲೆ ಬರೆದೆವೆಂದು ನಾವು ತಿಳಿದಿರುತ್ತೇವೆ. ಹೊಸದು ಬೇರೆಡೆ ಕುಳಿತು ಹಳೆಯದು ಹಾಗೆಯೇ ಉಳಿದಿರಬಹುದು. 'ಟ್ರಿಮ್' ಎಂಬ ಆದೇಶವು ಬೇಡವಾದ ಜಾಗವನ್ನು ಯಂತ್ರಕ್ಕೆ ತಿಳಿಸುತ್ತದೆ, ಯಂತ್ರವು ತನಗೆ ಬಿಡುವಾದಾಗ ಅದನ್ನು ಶುದ್ಧಮಾಡುತ್ತದೆ. ಅದು ಯಾವಾಗ ಎಂಬುದು ನಮ್ಮ ಕೈಯಲ್ಲಿಲ್ಲ. ಆದುದರಿಂದ ಎಸ್‌ಎಸ್‌ಡಿಗೆ ಬೇರೆ ಉಪಾಯವಿದೆ. ಮೊದಲ ದಿನದಿಂದಲೇ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಇಡುವ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕು. ಯಂತ್ರವನ್ನು ಬಿಟ್ಟುಕೊಡುವಾಗ ಆ ಲಿಪಿಯ ಕೀಲಿಯನ್ನು ನಾಶಮಾಡಿದರೆ ಉಳಿದ ಬರಹವು ಯಾರಿಗೂ ಅರ್ಥವಾಗದ ಅಂಕಿಗಳ ರಾಶಿಯಾಗುತ್ತದೆ.

ಅಜಂತದ ಗೀಚು

ಕೊನೆಯ ದಿನ ಅಜಂತ. 1819ರ ಏಪ್ರಿಲ್ 28ರಂದು ಜಾನ್ ಸ್ಮಿತ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ಬೇಟೆಗೆಂದು ಬಂದು ಈ ಗುಹೆಗಳನ್ನು ಕಂಡು, 10ನೆಯ ಗುಹೆಯ ವರ್ಣಚಿತ್ರದ ಮೇಲೆ ತನ್ನ ಹೆಸರನ್ನೂ ದಿನಾಂಕವನ್ನೂ ಗೀಚಿದನು. ಅವನಿಗೆ ಅದು ಒಂದು ಕ್ಷಣದ ಕೆಲಸವಾಗಿದ್ದಿರಬೇಕು. ಇನ್ನೂರು ವರ್ಷಗಳು ಕಳೆದರೂ ಆ ಗೀಚು ಅಲ್ಲಿದೆ. ಅದನ್ನು ತೆಗೆಯಹೋದರೆ ಚಿತ್ರವೇ ಹೋಗುತ್ತದೆ.

ನಮ್ಮ ಯಂತ್ರದಲ್ಲಿರುವುದನ್ನು ನಾವು ಅಳಿಸಬಹುದು. ಜಗತ್ತಿನ ಗೋಡೆಯ ಮೇಲೆ ಗೀಚಿದುದನ್ನು ಅಳಿಸುವ ಅಧಿಕಾರ ನಮಗಿಲ್ಲ. ನಾವು ಭೇಟಿಕೊಟ್ಟ ತಾಣವು ತನ್ನ ದಾಖಲೆಯನ್ನು ಇಟ್ಟುಕೊಂಡಿರುತ್ತದೆ. ಅಂತರ್ಜಾಲದ ಸಂಪರ್ಕ ಕೊಡುವ ಸಂಸ್ಥೆಗೂ ಶಾಲೆಯ ಜಾಲಕ್ಕೂ ನಾವು ಎಲ್ಲಿ ಹೋಗಿದ್ದೆವೆಂದು ತಿಳಿಯಬಹುದು. ಬ್ರೌಸರಿನ ಖಾಸಗಿ ಕಿಟಕಿಯು ನಮ್ಮ ಯಂತ್ರದಲ್ಲಿ ಹಿಸ್ಟರಿಯನ್ನು ಉಳಿಸುವುದಿಲ್ಲವೆಂಬುದಷ್ಟೇ ನಿಜ. ಅದು ನಮ್ಮನ್ನು ಅದೃಶ್ಯರನ್ನಾಗಿ ಮಾಡುವುದಿಲ್ಲ. ಗೆಳೆಯನಿಗೆ ಕಳುಹಿಸಿದ ಚಿತ್ರವು ಅವನ ಫೋನಿನಿಂದ ಎಲ್ಲೆಲ್ಲಿಗೆ ಹೋಯಿತೆಂದು ಬಲ್ಲವರಾರು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ಇಲ್ಲಿಗೂ ಸಲ್ಲುತ್ತದೆ.

ಪಾಲಿಸಬೇಕಾದ ಕ್ರಮ

1. ಪರರ ಯಂತ್ರದಲ್ಲಿ ಕೆಲಸ ಮಾಡಲೇಬೇಕಾದರೆ ಖಾಸಗಿ ಕಿಟಕಿಯನ್ನು ಬಳಸಿರಿ. ಮುಗಿದೊಡನೆ ಮಿಂಚಂಚೆಯಿಂದ ಹೊರಬನ್ನಿರಿ. ಕಡತವನ್ನು ಇಳಿಸಿಕೊಂಡಿದ್ದರೆ ಅದನ್ನು ಹುಡುಕಿ ತೆಗೆಯಿರಿ. ಕಸದ ಬುಟ್ಟಿಯನ್ನೂ ನೋಡಿರಿ.

2. ಕಂಟ್ರೋಲ್, ಶಿಫ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪ್ರಚಲಿತ ಬ್ರೌಸರುಗಳಲ್ಲಿ ಹಿಸ್ಟರಿಯನ್ನು ಅಳಿಸುವ ಪುಟವು ತೆರೆಯುತ್ತದೆ. ಸ್ವಂತ ಯಂತ್ರವಾದರೆ ಹಿಸ್ಟರಿ, ಕುಕಿ, ಕ್ಯಾಶ್ ಮೂರನ್ನೂ ಪೂರ್ಣ ಅವಧಿಗೆ ಆರಿಸಿರಿ. ಪರರದಾದರೆ ಕೊನೆಯ ಒಂದು ಗಂಟೆಯದನ್ನು ಮಾತ್ರ ಅಳಿಸಿರಿ. ಅವರ ದಾಖಲೆಯನ್ನು ಕೇಳದೆ ಅಳಿಸುವ ಹಕ್ಕು ನಮಗಿಲ್ಲ.

3. ಹಾರ್ಡ್ ಡಿಸ್ಕಿನ ಹಳೆಯ ಯಂತ್ರವನ್ನು ಮಾರುವ ಮುನ್ನ, ಬೇಕಾದುದನ್ನು ಬೇರೆಡೆ ನಕಲು ಮಾಡಿಕೊಂಡು, ಹಿರಿಯರ ಸಮಕ್ಷಮದಲ್ಲಿ ಡಿಸ್ಕಿನ ಮೇಲೆ ಪೂರ್ತಿಯಾಗಿ ಬರೆಸಿರಿ. ವಿಂಡೋಸಿನಲ್ಲಿ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವಾಗ ಡ್ರೈವನ್ನು ಶುದ್ಧಗೊಳಿಸುವ ಆಯ್ಕೆಯೂ ಇದೆ. ಎಸ್‌ಎಸ್‌ಡಿಯಾದರೆ ಗುಪ್ತಲಿಪಿಯನ್ನೂ ತಯಾರಕರ ಅಳಿಸುವ ಸಾಧನವನ್ನೂ ನಂಬಿರಿ.

4. ಕೆಟ್ಟುನಿಂತ ಯಂತ್ರದ ಡಿಸ್ಕನ್ನು ತೆಗೆಸಿ ಪುಡಿಮಾಡಿಸುವುದೇ ಕ್ಷೇಮ. ನಾಸಿಕದಲ್ಲಿ 1928ರಿಂದ ನೋಟು ಮುದ್ರಣಾಲಯವಿದೆ. ಹಾಗೆ ಮುದ್ರಿಸಿದ ನೋಟುಗಳು ಕೊಳೆಯಾಗಿ ಮರಳಿ ಬಂದಾಗ ರಿಸರ್ವ್ ಬ್ಯಾಂಕು ಅವನ್ನು ಚೂರುಚೂರಾಗಿ ಕತ್ತರಿಸಿ ಇಟ್ಟಿಗೆಯಂತೆ ಒತ್ತಿಸುತ್ತದೆ. ಪಟ್ಟಿಯಿಂದ ಸಂಖ್ಯೆ ಹೊಡೆದು ಸುಮ್ಮನಿರುವುದಿಲ್ಲ.

ಯಾವುದನ್ನು ಅಳಿಸಬಾರದು?

ಅಳಿಸುವ ವಿದ್ಯೆಯನ್ನು ತಪ್ಪನ್ನು ಮುಚ್ಚಿಡುವುದಕ್ಕೆ ಬಳಸಕೂಡದು. ನ್ಯಾಯಾಲಯದಲ್ಲಿ ಸಾಕ್ಷಿಯಾಗಬಹುದಾದ ವಿದ್ಯುನ್ಮಾನ ದಾಖಲೆಯನ್ನು ಬೇಕೆಂದೇ ನಾಶಮಾಡುವುದು ಕಾನೂನಿನ ಪ್ರಕಾರ ಅಪರಾಧ. ಯಾರಾದರೂ ನಿಮಗೆ ಬೆದರಿಕೆಯ ಅಥವಾ ಅಸಭ್ಯವಾದ ಸಂದೇಶವನ್ನು ಕಳುಹಿಸಿದರೆ ನಾಚಿಕೊಂಡು ಅಳಿಸಬೇಡಿರಿ; ಮೊದಲು ತಂದೆತಾಯಿಗಳಿಗೆ ಇಲ್ಲವೆ ಅಧ್ಯಾಪಕರಿಗೆ ತೋರಿಸಿರಿ. ಅದೇ ನಿಮ್ಮ ರಕ್ಷಣೆಯ ಸಾಕ್ಷಿ.

ಹಾಗೆಂದು ಗುಟ್ಟೆಲ್ಲವೂ ತಪ್ಪಲ್ಲ. ತಾಯಿಯ ಕಾಯಿಲೆಯ ಬಗ್ಗೆ ಅಂತರ್ಜಾಲದಲ್ಲಿ ಓದಿದುದು, ಮನೆಯ ಸಾಲದ ಲೆಕ್ಕ, ಗೆಳತಿಯ ಪತ್ರ ಇವು ಪರರ ಕಣ್ಣಿಗೆ ಬೀಳಬೇಕಾದವುಗಳಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ, ತನ್ನ ವಿವರವನ್ನು ಅಳಿಸುವಂತೆ ಸಂಸ್ಥೆಗಳನ್ನು ಕೇಳುವ ಹಕ್ಕು ಸೇರಿದೆ.

ಅಜಂತದಿಂದ ಮರಳುವಾಗ ಬಸ್ಸಿನಲ್ಲಿ ಆ ಹುಡುಗಿಯನ್ನು ಕರೆದು ಹೇಳಿದೆನು: "ಮಗೂ, ಆ ಯಂತ್ರದಿಂದ ನಮ್ಮ ಪಟ್ಟಿ ಹೋಗಿದೆಯೆಂದು ನಂಬಬಹುದು. ಆ ಎರಡು ದಿನಗಳಲ್ಲಿ ಯಾರಾದರೂ ಅದರ ನಕಲನ್ನು ಮಾಡಿಕೊಂಡಿಲ್ಲವೆಂದು ಮಾತ್ರ ನಾನು ಹೇಳಲಾರೆ." ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಪಟ್ಟಿಯನ್ನು ಮುಂಬಯಿಯಲ್ಲಿಯೇ ಮುದ್ರಿಸಿ ತರಬೇಕಾಗಿತ್ತು, ಸರ್" ಎಂದಳು. ಊರಿಗೆ ಬಂದ ಮೇಲೆ ಆ ಸಂಗತಿಯನ್ನು ಪಾಲಕರ ಸಭೆಯಲ್ಲಿ ನಾನೇ ತಿಳಿಸಿದೆನು. ಈ ವರ್ಷದಿಂದ ಪ್ರವಾಸದ ಪಟ್ಟಿಯು ಕಾಗದದಲ್ಲಿ ಹೋಗುತ್ತದೆ. ಶಾಲೆಗೆ ಮರಳಿದ ದಿನ ಅದನ್ನು ಹರಿದು ಚೂರುಮಾಡುತ್ತೇವೆ. ಆ ಚೂರುಮಾಡುವ ಕೆಲಸವು ಅವಳದೇ.

ಅಭ್ಯಾಸಕ್ಕೆ

1. ಕಡತವನ್ನು ಇಳಿಸಲು ಬಹಳ ಹೊತ್ತು, ಅಳಿಸಲು ಕ್ಷಣಮಾತ್ರ ಸಾಕಾಗುವುದೇಕೆ?
2. ಸೆಕೆಂಡಿಗೆ 100 ಮೆಗಾಬೈಟಿನಂತೆ 500 ಗಿಗಾಬೈಟಿನ ಡಿಸ್ಕನ್ನು ಒಂದು ಸಲ ಪೂರ್ತಿ ಬರೆಯಲು ಎಷ್ಟು ಹೊತ್ತು ಬೇಕು? (1 ಗಿಗಾಬೈಟ್ = 1,000 ಮೆಗಾಬೈಟ್ ಎಂದು ಹಿಡಿಯಿರಿ.)
3. ಶಾತಕರ್ಣಿಯ ನಾಣ್ಯಗಳಲ್ಲಿ ನಹಪಾನನ ಗುರುತು ಉಳಿದುದರಿಂದ ಯಾರಿಗೆ ಲಾಭವಾಯಿತು? ಹಳೆಯ ಡಿಸ್ಕಿನಲ್ಲಿ ಗುರುತು ಉಳಿದರೆ ಯಾರಿಗೆ ನಷ್ಟ?
4. ನಿಮ್ಮ ಮನೆಯ ಯಂತ್ರದಲ್ಲಿ ಅಥವಾ ಫೋನಿನಲ್ಲಿ ಪರರಿಗೆ ಸೇರಿದ ಯಾವ ಯಾವ ವಿವರಗಳಿವೆಯೆಂದು ಹಿರಿಯರೊಡನೆ ಕುಳಿತು ನೋಡಿರಿ.